ಅತ್ತೆ ನೇಕಾರಳಲ್ಲವಂತೆ

ಅವ್ವ ಸಂತೆಗೆ ಹೋಗಿದ್ದ ಆ ಮಧ್ಯಾಹ್ನ ಮೊಳಕಾಲ್ಮುರಿನ ನಮ್ಮ ಮನೆಯಲ್ಲಿದ್ದವರು ನಾಲ್ವರು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಅಪ್ಪ, ಅವನ ಬೆನ್ನ ಹಿಂದೆ ರಾಟೆ ತಿರುವುತ್ತಿದ್ದ ಅತ್ತೆ, ನೇಕಾರರ ಆರೋಗ್ಯ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಬಂದು ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡಿದ್ದ ಗಣತಿಯವರು, ಅವರಿಗೆ ನೀರು ಕೊಟ್ಟು ನಿಂತಿದ್ದ ನಾನು.

ಅತ್ತೆ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಅವಳ ರೇಷನ್ ಕಾರ್ಡು ಗಂಡನ ಊರಿನಲ್ಲಿ ಎಂದೋ ರದ್ದಾಗಿತ್ತು, ಅದರ ಮೇಲೆ ಸಿಗುವ ಪುಕ್ಕಟೆ ಚಿಕಿತ್ಸೆಯೂ ಹೋಗಿತ್ತು. ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುವವಳು ಅವಳೇ. ಮಗ್ಗಕ್ಕೆ ಹೂಡಿದ ಉದ್ದೆಳೆಗಳ ಒಂದು ಹಾಸು ಮುಗಿದಾಗ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೂಡಿಸುವವಳೂ ಅವಳೇ. ಸಾವಿರಾರು ಎಳೆ, ಒಂದೊಂದಾಗಿ. ಆದರೆ ನಮ್ಮ ಬೀದಿಯಲ್ಲಿ ಗುಂಡಿಗಿಳಿದವನು ಮಾತ್ರ ನೇಕಾರ. ಉಳಿದದ್ದೆಲ್ಲ ಸಾರು ಕುದಿಸಿದ ಹಾಗೆ, ಮನೆಗೆಲಸ.

"ನೀವೇನ್ ಮಾಡ್ತೀರಮ್ಮ?" ಎಂದರು ಗಣತಿಯವರು.

"ನಂದೇನೈತಪ್ಪ, ಮನೇಲಿರ್ತೀನಿ. ನೇಯೋನು ನನ್ ತಮ್ಮ."

"ಹಂಗಾದ್ರೆ ಗೃಹಿಣಿ ಅಂತ ಹಾಕ್ಲಾ?"

"ಹಾಕ್ರಿ. ಅದೂ ಆಗ್ದಿದ್ರೆ ದಂಡಪಿಂಡ ಅಂತ ಹಾಕ್ರಿ!"

ಅಪ್ಪ ನಕ್ಕ. ಡಿಗ್ರಿ ಓದಿದ ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಅಪ್ಪನ ಕಾರ್ಡು ಬಂತು. ಅದರಲ್ಲಿ ಅವ್ವನ ಹೆಸರು, ನನ್ನ ಹೆಸರು. ಕಾರ್ಡುದಾರನ ಅಕ್ಕ ಕುಟುಂಬದೊಳಗೆ ಬರುವುದಿಲ್ಲವಂತೆ.

ಮರು ವರ್ಷ ಅತ್ತೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚಳ್ಳಕೆರೆಯ ಡಾಕ್ಟರು ಹೃದಯದ ಕವಾಟ ಕೆಟ್ಟಿದೆ ಎಂದರು. "ಕಾರ್ಡ್ ಇದ್ರೆ ದೊಡ್ಡಾಸ್ಪತ್ರೇಲಿ ಪುಕ್ಕಟೆ ಆಗ್ತೈತೆ. ಇಲ್ದಿದ್ರೆ ನೀವೇ ಹೆಂಗಾದ್ರೂ ಮಾಡ್ಕೊಳ್ಳಿ. ತಡ ಮಾತ್ರ ಮಾಡ್ಬೇಡಿ."

ಕಾರ್ಡು ಕೊಡುವ ಕಚೇರಿಗೆ ಓಡಿದೆ. ಗುಮಾಸ್ತರು ಕಂಪ್ಯೂಟರ್ ನೋಡಿ, "ಈಯಮ್ಮ ಗೃಹಿಣಿ ಅಂತೈತಲ್ರಿ. ಅವ್ರೇ ಹೇಳಿದಾರೆ," ಎಂದರು.

"ಕಂಡಿಕೆ ಇಲ್ದೆ ಲಾಳಿ ಓಡ್ತೈತೇನ್ರಿ?"

"ಅದೆಲ್ಲ ಗೊತ್ತಿಲ್ಲ. ಮಗ್ಗದಾಗೆ ಕೂತು ನೇಯೋ ಫೋಟೊ ತಗೊಂಬರ್ರಿ, ನೋಡಣ."

ಮನೆಗೆ ಬಂದು ಅತ್ತೆಯನ್ನು ಗುಂಡಿಗೆ ಇಳಿ ಎಂದೆ. ಅಪ್ಪನೂ ಜಾಗ ಬಿಟ್ಟು ಎದ್ದ. ಅವಳು ಕೂತಲ್ಲಿಂದ ಕದಲಲಿಲ್ಲ.

"ಹೋಗಲೇ. ನೇಯಕ್ ಬರ್ದೋಳು ಫೋಟೊಕ್ಕೆ ಕುಂತ್ರೆ ಮಗ್ಗ ನಗ್ತೈತೆ. ನಾನ್ ಮಾಡೋದು ಇದು. ರಾಟೆ ಮುಂದೇನೇ ತೆಗಿ."

ತೆಗೆದೆ. ಎರಡು ಸಲ ಉಸಿರಿಗಾಗಿ ಮಾತು ನಿಲ್ಲಿಸಿದಳು, ರಾಟೆ ಮಾತ್ರ ನಿಲ್ಲಿಸಲಿಲ್ಲ. ಗುಮಾಸ್ತರು ಫೋಟೊವನ್ನು ಸರಿಯಾಗಿ ನೋಡಲೂ ಇಲ್ಲ. "ಇದಕ್ಕೆ ಕಾಲಂ ಇಲ್ಲಪ್ಪ," ಎಂದರು.

ಕಾಲಂ ಇಲ್ಲ! ಊರೂರಿನ ಮದುಮಗಳು ಹಸೆಮಣೆಯ ಮೇಲೆ ಉಟ್ಟುಕೊಳ್ಳುವ ಸೀರೆಯ ಒಂದೊಂದು ಎಳೆಯೂ ಇವಳ ಬೆರಳು ದಾಟಿ ಹೋಗಿದೆ. ಅಂಥವಳು ಉಸಿರಾಡಬೇಕಾದರೆ ಯಾರೋ ಎಲ್ಲೋ ಕೂತು ಗೀಚಿದ ಕಾಗದದಲ್ಲಿ ಒಂದು ಚೌಕ ಇರಬೇಕಂತೆ. ನಾನು ಅಲ್ಲಿ ಕಿರುಚಾಡಿದೆ. ಹೊರಗಿನ ಬೆಂಚಿನವರು ಬಂದು ಹಿಡಿದುಕೊಂಡರು. ಅವರ ಕೈಯಲ್ಲೂ ಇಂಥವೇ ಕಾಗದಗಳಿದ್ದವು. ಅವರು ಯಾಕೆ ಕಿರುಚುತ್ತಿಲ್ಲ ಎಂದು ಅವರ ಮೇಲೂ ಸಿಟ್ಟು ಬಂತು. ಬೀದಿಯ ಮೇಲೆ, ಅಪ್ಪನ ಮೇಲೆ, ನನ್ನ ಮೇಲಂತೂ ಹೇಳುವುದೇ ಬೇಡ. ಅವಳ ಕೆಲಸಕ್ಕೆ ಕಾಲಂ ಇಲ್ಲದಂತೆ ಮಾಡಿದ್ದರಲ್ಲಿ ನಾವೇ ಮೊದಲಿಗರು.

ಅಪ್ಪ ಮಗ್ಗ ಮಾರಿದ, ಸಾಲದೆ ಬಂದದ್ದಕ್ಕೆ ಸಾಲ ಮಾಡಿದ. ಅತ್ತೆ ಬೇಡವೆಂದು ಅತ್ತಳು, ಬೈದಳು, ಎರಡು ದಿನ ಊಟ ಬಿಟ್ಟಳು. ಆಪರೇಷನ್ ಆಯಿತು. ಬದುಕಿದಳು.

ಈಗ ಅಪ್ಪ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಶೇಂಗಾ ಮೂಟೆ ಹೊರುತ್ತಾನೆ. ಕಳೆದ ತಿಂಗಳು ಕಾರ್ಡುಗಳ ಮರುಪರಿಶೀಲನೆಗೆ ಬೇರೆ ಯಾರೋ ಬಂದಿದ್ದರು. ಮನೆಯಲ್ಲಿ ಮಗ್ಗವಿಲ್ಲ ಎಂದು ಅಪ್ಪನ ಹೆಸರನ್ನೂ ಹೊಡೆದುಹಾಕಿ ಹೋದರು.