ಒಣಗಿದರೆ ಸರಿಹೋಗುವ ಕಾರ್ಡು

ನನ್ನ ಚಿಕ್ಕಣ್ಣ ಕೂತಲ್ಲಿ ಕೂರುವ ಜನ್ಮವಲ್ಲ. ಊಟಕ್ಕೆ ಕೂತರೂ ಅವನ ಒಂದು ಮೊಣಕಾಲು ಎದ್ದು ಓಡಲು ಸಿದ್ಧವಾಗಿರುತ್ತದೆ. ಮನೆಯಲ್ಲಿ ನಾವಿಟ್ಟ ಹೆಸರು ಬುಗುರಿ. ಗೋಡೆಯ ಮುಂದೆ ಬ್ರಷ್ ಹಿಡಿದು ನಿಂತಾಗ ಮಾತ್ರ ಬೇರೆಯೇ ಮನುಷ್ಯ. ಕಿಟಕಿಯ ಚೌಕಟ್ಟಿನ ಸುತ್ತ ಟೇಪ್ ಅಂಟಿಸದೆ ನೇರ ಗೆರೆ ಎಳೆಯುತ್ತಾನೆ. ಅದನ್ನು ಕಲಿಸಿದವನು ದೊಡ್ಡಣ್ಣ. ಚಿಕ್ಕಣ್ಣ ಶಾಲೆ ಬಿಟ್ಟ ಮಾರನೆಯ ದಿನವೇ ಅವನನ್ನು ಏಣಿ ಹತ್ತಿಸಿದ. ಅಂದಿನಿಂದ ಇಬ್ಬರೂ ಜೋಡಿ. ಗಿರಾಕಿ ಹುಡುಕುವುದು, ಬಣ್ಣ ಒಪ್ಪಿಸುವುದು, ಬೈಯುವುದು ಎಲ್ಲ ದೊಡ್ಡಣ್ಣನ ಪಾಲು. ಚಿಕ್ಕಣ್ಣನ ತಲೆ ನರೆಯತೊಡಗಿದರೂ ಜನರ ಬಾಯಲ್ಲಿ ಅವನು ಇನ್ನೂ 'ಪೇಂಟರ್ ತಮ್ಮ'.

ಒಂದು ಭಾನುವಾರ ಬೆಳಿಗ್ಗೆ ನನ್ನ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡ. ಮನೆಯಲ್ಲಿ ಕಂಪ್ಯೂಟರ್, ಪ್ರಿಂಟರ್ ಇರುವುದು ನನ್ನ ಹತ್ತಿರ ಮಾತ್ರ.

"ನಂಗೊಂದು ವಿಸಿಟಿಂಗ್ ಕಾರ್ಡ್ ಬೇಕು. ಇವತ್ತೇ."

"ಪ್ರೆಸ್ಸಿಗೆ ಕೊಡೋದು ತಾನೆ?"

"ಪ್ರೆಸ್ಸಿನವನು ದೊಡ್ಡಣ್ಣನ ದೋಸ್ತು. ಕಾರ್ಡಿಗಿಂತ ಮುಂಚೆ ಸುದ್ದಿ ಹೋಗುತ್ತೆ."

ಆಗ ಅರ್ಥವಾಯಿತು. ಬೇರೆಯಾಗಿ ಸ್ವಂತ ಕೆಲಸ ಹಿಡಿಯಲು ಹೊರಟಿದ್ದಾನೆ. "ಅವನಿಗೆ ಹೇಳಿದ್ಯಾ?" ಎಂದೆ.

"ಕಾರ್ಡ್ ಕೈಗಿಟ್ರೆ ಗೊತ್ತಾಗುತ್ತಲ್ಲ."

ಇಬ್ಬರೂ ನನ್ನ ಅಣ್ಣಂದಿರೇ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಂತಾಯಿತು ನನ್ನ ಪಾಡು. ಆದರೂ ಕಂಪ್ಯೂಟರ್ ತೆರೆದೆ.

ಮೊದಲು ನೋಡಿದ್ದು ಇಂಟರ್ನೆಟ್ಟಿನಲ್ಲೇ ಕಾರ್ಡು ಮಾಡಿಕೊಡುವ ಒಂದು ತಾಣ. ಮಾದರಿಗಳೇನೋ ರಾಶಿ ರಾಶಿ. ಬಣ್ಣದವರಿಗೆಂದು ಇದ್ದವುಗಳಲ್ಲೆಲ್ಲ ನಗುವ ಡಬ್ಬಿ, ಕಾಮನಬಿಲ್ಲು. "ನಾನು ಗೋಡೆಗೆ ಬಳಿಯೋನು, ಮಕ್ಕಳ ಪಾರ್ಟಿ ಮಾಡೋನಲ್ಲ" ಎಂದು ಮುಖ ಸಿಂಡರಿಸಿದ. ಕೊನೆಗೆ ಒಂದನ್ನು ಒಪ್ಪಿದ. ಇಳಿಸಿಕೊಳ್ಳಲು ಹೋದರೆ ಅವನ ಹೆಸರಿನ ಮೇಲೆ ಅಡ್ಡಡ್ಡ ಆ ತಾಣದ ಹೆಸರೇ ಮೂಡಿತು. ಆಮೇಲೆ ಫೋನಿನ ಆ್ಯಪ್. ಎರಡಕ್ಷರ ಹೊಡೆದರೆ ಒಂದು ಜಾಹೀರಾತು, ಸಾಲದ್ದಕ್ಕೆ ಒತ್ತಕ್ಷರಗಳನ್ನೆಲ್ಲ ಕಿತ್ತು ಪಕ್ಕಕ್ಕೆ ಎಸೆಯುತ್ತಿತ್ತು. ಪುಸ್ತಕ, ಪೋಸ್ಟರ್ ಮಾಡುವವರು ಬಳಸುವ ದೊಡ್ಡ ಸಾಫ್ಟ್‌ವೇರ್ ತೆರೆದಾಗ ಅದರ ಗುಂಡಿಗಳ ಸಂತೆ ನೋಡಿಯೇ ಚಿಕ್ಕಣ್ಣ ಬಾಲ್ಕನಿಗೆ ಓಡಿದ. ಕೊನೆಗೆ ನಾನು ಕಚೇರಿಯಲ್ಲಿ ದಿನಾ ಪತ್ರ ಬರೆಯುವ ಸಾಫ್ಟ್‌ವೇರ್‌ನಲ್ಲೇ ಒಂದು ಹಾಳೆಗೆ ಹತ್ತು ಚೌಕ ಹಾಕಿ, ಅಳತೆ ಕೂರಿಸಿ ತೋರಿಸಿದೆ.

"ಇದಾಗುತ್ತೆ. ಇದಕ್ಕೆ ವೈಯಾರ ಇಲ್ಲ" ಎಂದ.

ಸಾಫ್ಟ್‌ವೇರ್ ಆಯ್ಕೆಯಾದರೂ ಮನುಷ್ಯ ಒಂದು ಕಡೆ ನಿಲ್ಲಲಿಲ್ಲ. ಹೆಸರು ಮಧ್ಯಕ್ಕೆ ಬೇಕು, ಬೇಡ, ಎಡಕ್ಕಿರಲಿ. ನಂಬರು ಕೆಳಗೆ, ಅಲ್ಲ, ಮೇಲೆ. ಎದುರು ಗೋಡೆಯವರೆಗೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಪರದೆ ನೋಡುವುದು, ಮತ್ತೆ ಬಂದು ನನ್ನ ಹೆಗಲ ಮೇಲೆ ಉಸಿರು ಬಿಡುವುದು. ಬೀದಿಯಲ್ಲಿ ಬೈಕಿನ ಸದ್ದಾದರೆ ಕಿಟಕಿಗೆ ಓಡುವುದು. ನನ್ನ ತಲೆ ಚಿಟ್ಟು ಹಿಡಿಯಿತು. "ಬಣ್ಣ ನೀನೇ ಆರಿಸ್ಕೋ" ಎಂದು ಮೌಸ್ ಅವನ ಕೈಗೆ ಕೊಟ್ಟು ಟೀ ಮಾಡಲು ಎದ್ದೆ.

ಬಂದು ನೋಡಿದರೆ ಅಕ್ಷರಗಳೆಲ್ಲ ತೆಳು ನೀಲಿ. ಬಿಳಿ ಬಟ್ಟೆಗೆ ಹಾಕಿದ ನೀಲಿಯಷ್ಟೂ ಇಲ್ಲ.

"ಕಣ್ಣಿಗೇ ಕಾಣ್ತಿಲ್ವಲ್ಲ ಅಣ್ಣ!"

"ಒಣಗಿದ್ರೆ ಸರಿಹೋಗುತ್ತೆ. ನೀನು ಪ್ರಿಂಟ್ ಕೊಡು."

"ಇದು ಗೋಡೆಯಲ್ಲ, ಕಾಗದ."

"ಬಣ್ಣದ ವಿಷ್ಯ ನಂಗೆ ಹೇಳಿಕೊಡ್ತೀಯಾ?"

ಗೋಡೆಯ ಬಣ್ಣ ಹಸಿಯಿದ್ದಾಗ ತೆಳುವಾಗಿ ಕಂಡು, ಒಣಗಿದ ಮೇಲೆ ಗಾಢವಾಗುತ್ತದೆ. ಅದಕ್ಕೇ ಅವರು ಯಾವಾಗಲೂ ಬೇಕಾದ್ದಕ್ಕಿಂತ ತೆಳು ಬಣ್ಣ ಕಲಸುತ್ತಾರೆ. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದ. ಇನ್ನು ವಾದಿಸುವ ತ್ರಾಣ ನನಗಿರಲಿಲ್ಲ. ಹಾಳಾಗಿ ಹೋಗಲಿ ಎಂದು ಇದ್ದ ದಪ್ಪ ಹಾಳೆಗಳಲ್ಲಿ ಅರ್ಧದಷ್ಟಕ್ಕೆ ಪ್ರಿಂಟ್ ಕೊಟ್ಟೆ.

ಅವನು ಅಷ್ಟನ್ನೂ ಬ್ಲೇಡಿನಿಂದ ಅಚ್ಚುಕಟ್ಟಾಗಿ ಕತ್ತರಿಸಿ, ಕಿಟಕಿಯ ಕಟ್ಟೆಯ ಮೇಲೆ ಹರಡಿದ. ಮತ್ತೆ ಮತ್ತೆ ಬಂದು ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಿದ. ಅವು ಎಲ್ಲಿಂದ ಗಾಢವಾಗಬೇಕು?

ಆ ಹೊತ್ತಿಗೇ ತನ್ನ ಮನೆಯಿಂದ ದೊಡ್ಡಣ್ಣ ಬಂದ. ಮಾರನೆಯ ದಿನ ಶುರುವಾಗುವ ಆಸ್ಪತ್ರೆಯೊಂದರ ಬಣ್ಣದ ಕೆಲಸದ ಬಗ್ಗೆ ಹೇಳಲು ಬಂದವನ ಕಣ್ಣು ನೇರ ಕಿಟಕಿಗೆ ಹೋಯಿತು. ಚಿಕ್ಕಣ್ಣ ಅಡ್ಡ ನಿಂತ. ಪ್ರಯೋಜನವಾಗಲಿಲ್ಲ. ದೊಡ್ಡಣ್ಣ ಒಂದು ಕಾರ್ಡು ಎತ್ತಿಕೊಂಡು, ಗೋಡೆಯಲ್ಲಿ ಕಲೆ ಉಳಿದಿದೆಯೇ ಎಂದು ನೋಡುವ ಹಾಗೆ ಬೆಳಕಿಗೆ ಓರೆಯಾಗಿ ಹಿಡಿದು ಓದಿದ. ತಮ್ಮನ ಹೆಸರು. ಕೆಳಗೆ 'ಸ್ವಂತ ಪೇಂಟಿಂಗ್ ಕೆಲಸ'.

"ಒಣಗಿದ್ರೆ ಗಾಢ ಆಗುತ್ತೆ ಅಂದ್ಕೊಂಡ್ಯಾ?"

ಚಿಕ್ಕಣ್ಣ ಹೌದೆಂದು ತಲೆಯಾಡಿಸಿದ. ದೊಡ್ಡಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕುರ್ಚಿಗೆ ಕುಸಿದು ಕೂತು ನಕ್ಕ. ಹೇಳದೆಯೇ ಆ ತಪ್ಪು ಅರ್ಥವಾಗುವ ಮನುಷ್ಯ ಚಿಕ್ಕಣ್ಣನಿಗೆ ಇನ್ನೆಲ್ಲಿ ಸಿಗಬೇಕು ಅನ್ನಿಸಿತು ನನಗೆ. ದೊಡ್ಡಣ್ಣನ ನಗು ನಡುವೆಯೇ ನಿಂತಿತು.

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ?"

"ಹೇಳೋಕೆ ಬರೋ ಹಾಗಿದ್ರೆ ಕಾರ್ಡ್ ಯಾಕೆ ಮಾಡಿಸ್ತಿದ್ದೆ?"

ದೊಡ್ಡಣ್ಣ ಕೈಯಲ್ಲಿದ್ದ ಕಾರ್ಡನ್ನು ಮೇಜಿನ ಮೇಲಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಕಡುನೀಲಿ ಹಾಕಮ್ಮ. ಜನ ಓದಬೇಕು" ಎಂದ. ಉಳಿದ ಹಾಳೆಗಳಿಗೆ ಕಡುನೀಲಿ ಹಾಕಿ ಪ್ರಿಂಟ್ ಕೊಟ್ಟೆ. ಮೊದಲ ಕಾರ್ಡನ್ನು ದೊಡ್ಡಣ್ಣ ತಾನೇ ಕತ್ತರಿಸಿ ಜೇಬಿಗಿಟ್ಟುಕೊಂಡು ಎದ್ದ. ಬಾಗಿಲಲ್ಲಿ ನಿಂತು ತಮ್ಮನನ್ನು ಕೇಳಿದ:

"ನಾಳೆ ಆಸ್ಪತ್ರೆ ಕೆಲಸಕ್ಕೆ ಬರೋಕೆ ನಿಂಗೆ ಪುರುಸೊತ್ತು ಇದೆಯಾ?"

ಇಷ್ಟು ವರ್ಷದಲ್ಲಿ ಅವನು ತಮ್ಮನನ್ನು ಕರೆದಿದ್ದಾನೆ, ಎಳೆದುಕೊಂಡು ಹೋಗಿದ್ದಾನೆ, ನಿದ್ದೆಯಿಂದ ಎಬ್ಬಿಸಿದ್ದಾನೆ. ಒಂದು ದಿನವೂ ಹೀಗೆ ಕೇಳಿದವನಲ್ಲ.

"ಬರ್ತೀನಿ" ಎಂದ ಚಿಕ್ಕಣ್ಣ ಗಡಿಬಿಡಿಯಲ್ಲಿ.

"ನೋಡ್ಕೊಂಡು ಹೇಳಪ್ಪ. ಬೇರೆ ಕೆಲಸ ಒಪ್ಪಿಕೊಂಡಿದ್ರೆ ತೊಂದ್ರೆಯಿಲ್ಲ. ನಾನು ಸಂಜೆ ಫೋನ್ ಮಾಡಿ ಕೇಳ್ತೀನಿ."

ಮೆಟ್ಟಿಲಿಳಿದು ಹೋದ. "ಬೇಕಾದ್ದು ಸಿಕ್ಕಿತಲ್ಲ, ಇನ್ನಾದ್ರೂ ಕೂತ್ಕೋ ಅಣ್ಣ" ಎಂದೆ. ಚಿಕ್ಕಣ್ಣ ಕೂರಲಿಲ್ಲ. ಸಂಜೆಯವರೆಗೂ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ಕೋಣೆಯ ತುಂಬ ತಿರುಗಿದ.