ಮುವಾಕ್ಜೆ ದಿಬ್ಬ ದಾಟಿದ ಡ್ರಮ್ಮಿನ ಕಾರು

ಶನಿವಾರ ಮಧ್ಯಾಹ್ನ ನನ್ನ ಗಂಡ, ಬುನಿಯ ಅಪ್ಪ, ಡ್ರೈವಿಂಗ್ ಲೈಸೆನ್ಸ್ ಹಿಡಿದುಕೊಂಡು ಮನೆಗೆ ಬಂದರು. ವಯಸ್ಸು ಐವತ್ತೆಂಟು. ಬರೆಯುವ ಪರೀಕ್ಷೆಯಲ್ಲಿ ಆರು ಸಲ ಫೇಲು, ಏಳನೆಯ ಸಲ ಪಾಸು. ಎಲೆಕೋಸು ಮಾರುವವಳಿಗೆ ತೋರಿಸಿದರು, ಇದ್ದಿಲು ಹೊತ್ತು ತಂದವನನ್ನು ನಿಲ್ಲಿಸಿ ತೋರಿಸಿದರು. ಊಟಕ್ಕೆ ಕೂತಾಗ ಅದನ್ನು ಅನ್ನದ ಬಟ್ಟಲಿಗೆ ಒರಗಿಸಿಟ್ಟು ನೋಡುತ್ತಲೇ ಉಂಡರು. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರು. ಹೆಚ್ಚಾಗಿರಲಿಲ್ಲ. ಮದುವೆಯಾದಾಗಿನಿಂದ ಅದನ್ನೇ ಹೇಳುತ್ತಿದ್ದರು.

"ನಾಳೆ ಒಂಬತ್ತಕ್ಕೆ ರೆಡಿಯಾಗಿರು. ಅಳಿಯನ ಟ್ಯಾಕ್ಸಿಗೆ ರಜ. ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಮುವಾಕ್ಜೆ ದಿಬ್ಬ ದಾಟಿಸ್ತೀನಿ."

"ಇಪ್ಪತ್ತೊಂದು ವರ್ಷದಿಂದ ದಾಟಿಸ್ತಾನೇ ಇದೀರಿ," ಎಂದೆ.

"ತಪ್ಪು ಯಾರದು? ನನ್ನ ಬಿಟ್ಟು ಒಬ್ಬಳೇ ಹೋದವಳು ನೀನು."

ಇದು ನಮ್ಮ ಹಳೆಯ ಜಗಳ. ಅದನ್ನೇ ಒಂದಿಷ್ಟು ಆಡಿ, ನಕ್ಕು, ಮಲಗಿದೆವು.

ಭಾನುವಾರ ಬೆಳಗ್ಗೆ ಶೂ ಕಟ್ಟಲು ಬಗ್ಗಿದವರು ಮೇಲೇಳಲಿಲ್ಲ. ಹೃದಯ ಎಂದರು ಡಾಕ್ಟರು. ಲೈಸೆನ್ಸು ಅಂಗಿಯ ಜೇಬಿನಲ್ಲಿತ್ತು.

ನಾನು ಹೆಚ್ಚು ಓದಿದವಳಲ್ಲ. ಆದರೆ ಆ ಜಗಳದ ಕತೆ ನನ್ನ ಜೊತೆಗೇ ಹೋಗಬಾರದು ಎಂದು ಬರೆಯುತ್ತಿದ್ದೇನೆ.

ಅವರ ಹೆಸರು ಟಾಕ್ ಚಿಲ್‌ಬೊಂಗ್. ಆನ್‌ಸಾಂಗ್ ಊರಿನಲ್ಲಿ ಕಂಚಿನ ಬಟ್ಟಲು ಬಡಿಯುತ್ತಿದ್ದರು. ಯುದ್ಧ ಮುಗಿದಾಗ ಜನ ಅಲ್ಯೂಮಿನಿಯಂ ಬಟ್ಟಲಿಗೆ ಬಿದ್ದಿದ್ದರು, ಕಂಚನ್ನು ಕೇಳುವವರಿರಲಿಲ್ಲ. ಮಗು ಬುನಿಯನ್ನು ಬೆನ್ನಿಗೆ ಕಟ್ಟಿಕೊಂಡು ರಾಜಧಾನಿ ಸಿಯೋಲ್‌ಗೆ ಬಂದೆವು. ಅಲ್ಲಿ ಹೊಳೆಯ ದಂಡೆಯಲ್ಲಿ ಕ್ವಾಕ್ ಎಂಬ ದಪ್ಪ ಮನುಷ್ಯ ಟೆಂಟು ಹಾಕಿ ಕಾರು ಮಾಡುತ್ತೇನೆ ಎಂದು ಕೂತಿದ್ದ. ಅಮೆರಿಕದ ಸೈನ್ಯ ಎಸೆದ ಜೀಪುಗಳಿಂದ ಎಂಜಿನ್ನು ಬಿಚ್ಚಿ ತಂದಿದ್ದ. ಚಕ್ರವಿತ್ತು, ಸ್ಟೀರಿಂಗ್ ಇತ್ತು. ಮೈ ಇರಲಿಲ್ಲ.

"ಬಟ್ಟಲು ಬಡಿಯೋನು ಕಾರು ಬಡೀತೀಯೇನೋ?" ಎಂದು ಕೇಳಿದನಂತೆ.

ದೊಡ್ಡ ಬಟ್ಟಲು ಅಂದ್ಕೊಂಡು ಬಡೀತೀನಿ ಎಂದರಂತೆ ಇವರು.

ಸೈನ್ಯದ ಎಣ್ಣೆ ಡ್ರಮ್ಮುಗಳನ್ನು ಸೀಳಿ, ತಟ್ಟಿ ಚಪ್ಪಟೆ ಮಾಡಿ, ಗುಳಿ ತೋಡಿದ ಮರದ ದಿಮ್ಮಿಯ ಮೇಲಿಟ್ಟು ಬಡಿದರು. ನಕ್ಷೆ ಇಲ್ಲ. ಗೇಣಿನ ಅಳತೆ, ಕಿವಿಯ ಲೆಕ್ಕ. ಬಡಿದ ತಗಡಿಗೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುವರು. ದನಿ ಚೆನ್ನಾಗಿ ಬಂದರೆ ಸರಿ, ಇಲ್ಲದಿದ್ದರೆ ಮತ್ತೆ ಬಡಿತ. ನಾಲ್ಕು ತಿಂಗಳಿಗೆ ಕಾರೊಂದು ಎದ್ದು ನಿಂತಿತು. ಬಲಗಡೆಯ ಬಾಗಿಲು ಎಡಗಡೆಯದಕ್ಕಿಂತ ಒಂದು ಬೆರಳು ಎತ್ತರ. ಒಳಗೆ ತಲೆಯೆತ್ತಿದರೆ ಚಾವಣಿಯಲ್ಲಿ ಅಮೆರಿಕದ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ನನಗಂತೂ ಅಷ್ಟು ಚೆಂದದ್ದು ಲೋಕದಲ್ಲಿ ಮತ್ತೊಂದು ಕಾಣಲಿಲ್ಲ. ನನ್ನನ್ನು ಗಂಡನ ಮನೆಗೆ ತಂದದ್ದು ಎತ್ತಿನ ಗಾಡಿ. ಪಕ್ಕದಲ್ಲಿ ಇವರು ನಡೆದು ಬಂದಿದ್ದರು. ಇದು ಓಡುವ ದಿನ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟರು.

ಕ್ವಾಕ್ ಒಪ್ಪಲಿಲ್ಲ. ಹೊಸ ಗಾಡಿಗೆ ಮೊದಲು ಹೆಂಗಸು ಹತ್ತಿದರೆ ಅಪಶಕುನ, ಅದೂ ಮಾರಾಟಕ್ಕೆ ಮುಂಚೆ. ಕಾರು ಮೊದಲ ಸಲ ಓಡುವ ದಿನ ಮುವಾಕ್ಜೆ ದಿಬ್ಬದ ಆಚೆ ಬದಿಯಲ್ಲಿ ಬಾಂಗ್ ಎಂಬ ಅಕ್ಕಿ ಗಿರಣಿಯ ಸಾಹುಕಾರ ಕಾಯುವವನಿದ್ದ. ಕಾರು ದಿಬ್ಬ ಹತ್ತಿ ಇಳಿದು ತನ್ನ ಮುಂದೆ ನಿಂತರೆ ಕೊಳ್ಳುತ್ತೇನೆ, ಟ್ಯಾಕ್ಸಿಗೆಂದು ಇನ್ನಷ್ಟು ಮಾಡಿಸುತ್ತೇನೆ ಎಂದಿದ್ದ. ಹತ್ತದಿದ್ದರೆ ಟೆಂಟು ಮುಚ್ಚುವುದೇ. ಆದ್ದರಿಂದ ಊಟದ ಗಂಟು ಹೊತ್ತು ಹಿಂದೆ ನಡೆದು ಬರುತ್ತೇನೆ ಎಂದೆ.

ಹೊರಡುವ ಮೊದಲು ಬಾನೆಟ್ಟಿನ ಮೇಲೆ ಬೇಯಿಸಿದ ಹಂದಿಯ ತಲೆ ಇಟ್ಟು ಎಲ್ಲರೂ ಅಡ್ಡಬಿದ್ದೆವು. ನಾಲ್ಕು ಚಕ್ರಕ್ಕೂ ಅಕ್ಕಿ ಹೆಂಡ ಎರೆದರು. ಬಿಳಿ ದಾರ ಸುತ್ತಿದ ಒಣಮೀನನ್ನು ಬಾನೆಟ್ಟಿನ ಒಳಗೆ ಕಟ್ಟಬೇಕು, ಹೊಸ ಗಾಡಿಗೆ ಕಾವಲು ಅದು. ಕ್ವಾಕ್ ಯಾರನ್ನೂ ಮುಟ್ಟಗೊಡದೆ ತಾನೇ ಕಟ್ಟಿದ.

ದಿಬ್ಬದ ಮುಕ್ಕಾಲು ಹತ್ತಿದಾಗ ಕಾರು ಕೆಮ್ಮಿ ನಿಂತಿತು. ನಾನು ಏದುಸಿರು ಬಿಡುತ್ತ ತಲುಪುವಾಗ ಕ್ವಾಕ್ ನನ್ನತ್ತ ಬೆರಳು ತೋರಿಸುತ್ತಿದ್ದ. ಹಿಂದಿನಿಂದ ಹೆಂಗಸು ಬಂದಳು, ನಿಂತಿತು. ಅವನಿಗೆ ಲೆಕ್ಕ ಸರಿಹೋಗಿತ್ತು. ಬುನಿಯ ಅಪ್ಪ ಬಾನೆಟ್ಟು ಎತ್ತಿದರು. ಕಾವಲಿನ ಮೀನು ಫ್ಯಾನಿಗೆ ಸಿಕ್ಕಿ ಚೂರುಚೂರಾಗಿ, ಬಿಸಿ ಎಂಜಿನ್ನಿನ ಮೇಲೆ ಹುರಿಯುತ್ತಿತ್ತು. ದಾರ ಬೆಲ್ಟಿಗೆ ಸುತ್ತಿಕೊಂಡಿತ್ತು. ದಿಬ್ಬದ ನಾಯಿಗಳೆಲ್ಲ ಅದಾಗಲೇ ಸುತ್ತ ಕೂತಿದ್ದವು.

"ಅಪಶಕುನ ಕಟ್ಟಿದ್ದು ಯಾರು ಯಜಮಾನ್ರೇ?" ಎಂದು ಮಾತ್ರ ಕೇಳಿದರು ಇವರು.

ದಾರ ಬಿಡಿಸಿದ್ದಾಯಿತು. ಆದರೆ ಬ್ಯಾಟರಿ ಸತ್ತಿತ್ತು. ನೆತ್ತಿಯವರೆಗೆ ತಳ್ಳಿ, ಆಚೆಯ ಇಳಿಜಾರಿಗೆ ಬಿಟ್ಟರೆ ಎಂಜಿನ್ನು ಹಿಡಿದುಕೊಳ್ಳುತ್ತದೆ. ತಳ್ಳಲು ಇದ್ದವರು ಇಬ್ಬರೇ. ಕ್ವಾಕ್ ಒಳಗೆ ಕೂತರೆ ಅವನ ಭಾರಕ್ಕೆ ಕಾರು ಹಿಂದಕ್ಕೆ ಬರುತ್ತದೆ. ಇವರು ಕೂತರೆ ಕ್ವಾಕ್ ಒಬ್ಬನಿಂದ ಆಗದು. ನಾನು ಒಂದು ಮೂಟೆ ಎಲೆಕೋಸಿಗಿಂತ ಹಗುರ ಇದ್ದೆ.

"ಹೆಂಗಸು ಮೊದಲು ಹತ್ತಬಾರದು ಕಣೋ," ಎಂದ ಕ್ವಾಕ್.

"ಸವಾರಿ ಮಾಡೋ ಹೆಂಗಸು ತಾನೇ? ಇವಳು ಡ್ರೈವರು. ಡ್ರೈವರ್ ಹೆಂಗಸಾಗಬಾರದು ಅಂತ ಯಾವ ಶಾಸ್ತ್ರದಲ್ಲಿದೆ?"

ಕ್ವಾಕ್ ಯೋಚಿಸಿದ. ಅಂಥ ಶಾಸ್ತ್ರ ಯಾರೂ ಮಾಡಿರಲಿಲ್ಲ, ಅಂಥ ಹೆಂಗಸನ್ನು ಯಾರೂ ಕಂಡಿರಲಿಲ್ಲವಲ್ಲ.

ನನ್ನನ್ನು ಕೂರಿಸಿದರು. ಎಡಗಾಲಿನದನ್ನು ಒತ್ತಿಕೊಂಡಿರು, ಬಿಡು ಅಂದಾಗ ಬಿಡು, ಸ್ಟೀರಿಂಗ್ ನೆಟ್ಟಗೆ ಹಿಡಿ, ನೆತ್ತಿ ತಲುಪಿದ ಕೂಡಲೇ ನಾನು ಹಾರಿ ಪಕ್ಕದಲ್ಲಿ ಕೂರುತ್ತೇನೆ, ನಿಲ್ಲಿಸುವುದು ನನ್ನ ಕೆಲಸ ಎಂದರು.

ನೆತ್ತಿ ಬಂತು. "ಬಿಡು!" ಎಂದರು. ಬಿಟ್ಟೆ. ಕಾರು ಒಂದು ಸಲ ಸೀನಿ ನೆಗೆಯಿತು. ಇವರು ಹಾರಲು ಕಾಲೆತ್ತಿದರು, ರಬ್ಬರ್ ಚಪ್ಪಲಿ ಜಾರಿತು, ರಸ್ತೆಯ ಮೇಲೆ ಕೂತುಬಿಟ್ಟರು. ಅದನ್ನು ನಾನು ಕಂಡಿಲ್ಲ. ನಾನು ಅಷ್ಟರಲ್ಲಿ ಬಹಳ ಮುಂದಿದ್ದೆ.

ಹೇಗಿತ್ತು ಎಂದು ಕೇಳಿದರೆ ಇವತ್ತಿಗೂ ನನಗೆ ನಗು ಬರುತ್ತದೆ. ಮರಗಳು ನನ್ನ ಕಡೆಗೆ ಓಡಿ ಬರುತ್ತಿದ್ದವು. ಮುಖಕ್ಕೆ ಗಾಳಿ, ಮೂಗಿಗೆ ಹುರಿದ ಮೀನು, ಹಿಂದೆ ಹನ್ನೆರಡು ನಾಯಿ. ನಾನು ಕೂಗುತ್ತಿದ್ದೆ. ಹೆದರಿ ಕೂಗುತ್ತಿದ್ದೇನೆ ಅಂದುಕೊಂಡಿದ್ದೆ, ಕೇಳಿಸಿಕೊಂಡರೆ ನಗುತ್ತಿದ್ದೆ. ಅಡ್ಡ ಬಂದ ಎತ್ತಿನ ಗಾಡಿಯವನು ತಾನಾಗಿಯೇ ಗದ್ದೆಗೆ ಇಳಿದ. ಹುಟ್ಟಿದಾಗಿನಿಂದ ದಾರಿ ಬಿಟ್ಟು ನಿಂತವಳು ನಾನು. ಅವತ್ತು ಲೋಕವೇ ನನಗೆ ದಾರಿ ಬಿಟ್ಟಿತು.

ಚಳಿಗಾಲದ ಕಿಮ್ಚಿ ಹಾಕುವ ದಿನಗಳವು. ದಿಬ್ಬದ ಬುಡದಲ್ಲಿ ಮನೆಯೆತ್ತರದ ಎಲೆಕೋಸಿನ ರಾಶಿ. ಅದರೊಳಗೆ ಹೊಕ್ಕು ಕಾರು ನಿಂತಿತು. ಬಲಗಡೆಯ ಮಡ್‌ಗಾರ್ಡ್ ನೆಗ್ಗಿತು. ನನಗೇನೂ ಆಗಲಿಲ್ಲ. ಎಲೆಕೋಸು ಸರಿಸಿಕೊಂಡು ಹೊರಬಂದರೆ ಎದುರಿಗೆ ಬಾಂಗ್ ಸಾಹುಕಾರ ನಿಂತಿದ್ದ. ಮಡಿಲಲ್ಲಿಟ್ಟುಕೊಂಡಿದ್ದ ಊಟದ ಗಂಟು ನನ್ನ ಕೈಯಲ್ಲಿ ಹಾಗೇ ಇತ್ತು.

ಅವನು ನನ್ನನ್ನು ನೋಡಿದ, ಕಾರನ್ನು ನೋಡಿದ. ಊಟ ಹೊತ್ತು ತರುವ ಹೆಂಗಸೇ ಇದನ್ನು ದಿಬ್ಬ ದಾಟಿಸಿ ತಂದರೆ ಯಾವ ಪೆದ್ದನೂ ಓಡಿಸಬಲ್ಲ ಎಂದು ಆರು ಕಾರು ಬೇಕೆಂದ. ಇವರು ಒಂದೇ ಚಪ್ಪಲಿಯಲ್ಲಿ ಕುಂಟುತ್ತ ಇಳಿದು ಬರುವಾಗ ಮಾತು ಮುಗಿದಿತ್ತು.

"ಒಬ್ಬಳೇ ಬಂದುಬಿಟ್ಯಲ್ಲೇ," ಎಂದರು. ಅವರ ಮುಖದಲ್ಲಿ ಹೆಮ್ಮೆಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಮದುವಣಗಿತ್ತಿಯರು ಪಲ್ಲಕ್ಕಿ ಬಿಟ್ಟು ಟ್ಯಾಕ್ಸಿ ಹತ್ತಿದರು. ಬೆನ್ನ ಮೇಲೆ ಹೊತ್ತು ಒಯ್ಯುವಾಗ ದಾರಿಯಲ್ಲೇ ಹೆರುತ್ತಿದ್ದ ಹೆಂಗಸರು ಆಸ್ಪತ್ರೆಯಲ್ಲಿ ಹೆತ್ತರು. ಕಾರಿಗೆ ಕಷ್ಟವಾಗುತ್ತದೆಂದು ದಿಬ್ಬವನ್ನೇ ಕಡಿದು ತಗ್ಗಿಸಿದರು. ಒಂದೇ ಏಟಿಗೆ ತಗಡನ್ನು ಬಾಗಿಲಾಗಿ ಒತ್ತುವ ಯಂತ್ರ ಬಂತು, ಎರಡು ಬಾಗಿಲೂ ಒಂದೇ ಎತ್ತರ. ಬಡಿಯುವವರು ಬೇಡವಾದರು. ಕ್ವಾಕ್ ಟೆಂಟು ಸುತ್ತಿದ. ಇವರು ಗುದ್ದಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವ ಕೆಲಸ ಹಿಡಿದರು. ಜನ ಕೆಟ್ಟದಾಗಿ ಓಡಿಸುವವರೆಗೂ ನಮಗೆ ಅನ್ನ ಇದೆ ಎನ್ನುವರು. ಟ್ಯಾಕ್ಸಿ ಹತ್ತೋಣ ಎಂದರೆ ಬರುತ್ತಿರಲಿಲ್ಲ. ಬೇರೆಯವನು ಓಡಿಸಿದರೆ ಅದು ಕೊಟ್ಟ ಮಾತು ಹೇಗಾದೀತು, ನಾನೇ ಓಡಿಸಬೇಕು. ಆದರೆ ಪರೀಕ್ಷೆಯ ಕಾಗದ ಕಂಡರೆ ಕಲಿತದ್ದೆಲ್ಲ ಮರೆತು ಎದ್ದು ಬರುತ್ತಿದ್ದರು.

ಮಂಗಳವಾರ ಹೆಣದ ಬಸ್ಸು ಬಂತು. ಪೆಟ್ಟಿಗೆಯನ್ನು ಸೀಟಿನ ಕೆಳಗಿನ ಗೂಡಿನಲ್ಲಿಟ್ಟರು. ಸ್ಮಶಾನಕ್ಕೆ ದಾರಿ ಮುವಾಕ್ಜೆಯ ಮೇಲೆಯೇ. ನಾನು ಪೆಟ್ಟಿಗೆಯ ನೇರಕ್ಕೆ ಮೇಲಿನ ಸೀಟು ಹಿಡಿದು ಕೂತೆ. ದಿಬ್ಬದ ಮುಕ್ಕಾಲು ಹತ್ತಿದಾಗ ಬಸ್ಸು ಕೆಮ್ಮಿ ನಿಂತಿತು. ಹಿಂದೆ ಉದ್ದಕ್ಕೂ ಕಾರುಗಳು ಹಾರ್ನ್ ಹೊಡೆಯತೊಡಗಿದವು.

ನನಗೆ ನಗು ಬಂತು. ತಡೆದೆ, ತಡೆಯಲಾಗಲಿಲ್ಲ. ಡ್ರೈವರನಿಗೆ, ಮೀನು ಕಟ್ಟಿದೀಯೇನಪ್ಪಾ, ನೋಡು ಎಂದೆ. ಬುನಿ ನನ್ನ ಕೈ ಹಿಡಿದು ಅಮ್ಮ, ಅಮ್ಮ ಎಂದು ಅತ್ತಳು, ತಲೆ ಕೆಟ್ಟಿತೆಂದು ಹೆದರಿದಳು. ಅಷ್ಟರಲ್ಲಿ ಬಸ್ಸು ಸೀನಿ ನೆಗೆಯಿತು. ನೆತ್ತಿ ದಾಟಿತು. ನಾನು ಬಗ್ಗಿ ಸೀಟಿನ ಕೆಳಗಿನ ತಗಡಿಗೆ ಬೆರಳ ಗೆಣ್ಣಿನಿಂದ ಕುಟ್ಟಿದೆ.

"ರೀ, ಈ ಸಲ ಒಬ್ಬಳೇ ಹೋಗ್ಲಿಲ್ಲ," ಎಂದೆ.

ಅವತ್ತು ನೆಗ್ಗಿದ ಮಡ್‌ಗಾರ್ಡನ್ನು ಅವರು ಎಸೆದಿರಲಿಲ್ಲ. ಬಾಂಗನಿಗೆ ಹೊಸದು ಬಡಿದುಕೊಟ್ಟು, ಹಳೆಯದನ್ನು ದುಂಡಗೆ ಕತ್ತರಿಸಿ ನಮ್ಮ ಸಾರಿಗೆ ಉಪ್ಪು ಕೊಡುವ ಸೋಯಾ ರಸದ ಜಾಡಿಗೆ ಮುಚ್ಚಳ ಮಾಡಿದ್ದರು. ಊರಿನವರ ನೆಗ್ಗೆಲ್ಲ ತೆಗೆದ ಮನುಷ್ಯ ಅದೊಂದನ್ನು ತೆಗೆಯಲಿಲ್ಲ. ಬೆಳಗ್ಗೆ ಗೋಡೆಗೆ ಬಿಸಿಲು ಬಂದ ಮೇಲೆ ಹಿತ್ತಲಿಗೆ ಹೋಗಿ ಆ ಮುಚ್ಚಳ ಎತ್ತುತ್ತೇನೆ. ನೆಗ್ಗಿನಲ್ಲಿ ನಿಂತ ಇಬ್ಬನಿ ಚೆಲ್ಲಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ, ಗೋಡೆಗೆ ಒರಗಿಸುತ್ತೇನೆ. ಆಮೇಲೆ ಜಾಡಿಯೊಳಗೆ ಬೆರಳದ್ದಿ ಉಪ್ಪು ನೋಡುತ್ತೇನೆ.