ನವಲಗುಂದದಲ್ಲಿ ಎಲ್ಲಿ ಉಣ್ಣಬೇಕೆಂದು ಬರೆದುಕೊಟ್ಟದ್ದು

ನಿಮ್ಮ ಊರಿನಲ್ಲಿ ಎಲ್ಲಿ ಉಣ್ಣಬೇಕು, ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ, ಕೈ ನೋಯುತ್ತದೆ ಎಂದುಬಿಡಿ. ನಾನು ಹಾಗೆ ಹೇಳಲಿಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಂದ ಪ್ರಬಂಧ ಬರೆಸಿ ನಿವೃತ್ತಳಾದವಳು ನಾನು. ಯಾರಾದರೂ ಬರೆ ಎಂದರೆ ಸಾಕು, ಪೆನ್ನು ಹುಡುಕುತ್ತೇನೆ. ಆ ಚಪಲಕ್ಕೆ ಎರಡು ತಿಂಗಳು ನಮ್ಮ ಓಣಿಯಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದೆ.

ಕೇಳಿದವಳು ನಮ್ಮ ಮನೆಯ ಮೇಲಿನ ಎರಡು ಕೋಣೆಗೆ ಬಾಡಿಗೆಗೆ ಬಂದ ಹುಡುಗಿ. ದನದ ದವಾಖಾನೆಯ ಹೊಸ ಡಾಕ್ಟರ್. ಅವಳ ಊರು ಮಂಡ್ಯದ ಕಡೆ. ಬಂದ ಮೊದಲ ವಾರ ಒಂದು ಸಂಜೆ ಬಲ್ಬು ತರುತ್ತೇನೆಂದು ಹೋದವಳು ಎರಡು ತಾಸಾದರೂ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ದಾರಿ ನೋಡಿ ನೋಡಿ ಸಾಕಾದೆ. ಕೊನೆಗೆ ಬಂದಳು. ಕಂಕುಳಲ್ಲಿ ಹಸಿ ಕಡಲೆಗಿಡದ ಕಟ್ಟು, ಕೈಯಲ್ಲಿ ಶೇಂಗಾ ಚಟ್ನಿಯ ಪೊಟ್ಟಣ. ಬಲ್ಬು ಇಲ್ಲ. ಅಂಗಡಿ ಎಲ್ಲಿದೆ ಎಂದು ಒಬ್ಬ ಹೆಂಗಸನ್ನು ಕೇಳಿದಳಂತೆ. ಆಕೆ ಒಳಗೆ ಕರೆದು ಚಾ ಕೊಟ್ಟು, ಯಾರ ಪೈಕಿ, ಮದುವೆ ಯಾವಾಗ ಎಂದೆಲ್ಲ ವಿಚಾರಿಸಿ, ಹಿತ್ತಲಿಗೆ ಕರೆದೊಯ್ದು ತನ್ನ ಆಕಳ ಕರುವನ್ನು ತೋರಿಸಿದಳು. ಅಷ್ಟರಲ್ಲಿ ಬಾಜು ಮನೆಯವರು ತಮ್ಮ ಕರುವನ್ನೂ ನೋಡಿ ಎಂದು ಕರೆದೊಯ್ದರು.

"ಆಂಟಿ, ಇಲ್ಲಿ ದಾರಿ ಕೇಳಿದ್ರೆ ಯಾರೂ ದಾರಿ ಹೇಳಲ್ಲ, ಮನೆಗೇ ಕರ್ಕೊಂಡ್ ಹೋಗ್ಬಿಡ್ತಾರೆ" ಎಂದಳು. "ನೀವೇ ಒಂದು ಪೇಪರಲ್ಲಿ ಎಲ್ಲಾ ಬರ್ದುಕೊಡಿ. ಯಾರನ್ನೂ ಕೇಳೋದೇ ಬೇಡ."

ಬರೆದೆ. ಒಂದು ಹಾಳೆ ಸಾಲಲಿಲ್ಲ, ಮೂರು ಹಾಳೆಯಾಯಿತು. ನಾನು ಮಾಡಿದ ತಪ್ಪೆಂದರೆ ಇದ್ದದ್ದನ್ನು ಇದ್ದಂತೆ ಬರೆದದ್ದು. ಬಸ್ ಸ್ಟ್ಯಾಂಡಿನ ಹಿಂದಿನ ಹೋಟೆಲಿನಲ್ಲಿ ಪೂರಿ ತಿನ್ನು, ಇಡ್ಲಿಯ ಗೊಡವೆಗೆ ಹೋಗಬೇಡ. ಮಿರ್ಚಿ ಭಜಿಯನ್ನು ನಾಲ್ಕು ಗಂಟೆಗೆ ತಿನ್ನು, ಆರರ ನಂತರ ಎಣ್ಣೆ ಕಪ್ಪಾಗಿರುತ್ತದೆ. ಪೇಟೆಯ ಖಾನಾವಳಿಯಲ್ಲಿ ಬದನೆಕಾಯಿ ಎಣ್ಣೆಗಾಯಿಗೆ ಸಮನಾದದ್ದು ಈ ತಾಲೂಕಿನಲ್ಲಿ ಇಲ್ಲ, ರೊಟ್ಟಿ ಬಿಸಿಯಾಗಿ ಬೀಳುತ್ತದೆ, ಆದರೆ ಈಚೆಗೆ ಮಜ್ಜಿಗೆ ಬರೀ ನೀರು. ಆಮೇಲೆ ಓಣಿಯ ವಿಚಾರಕ್ಕೆ ಬಂದೆ. ಅಲ್ಲಿ ನಿಲ್ಲಿಸಬೇಕಾಗಿತ್ತು, ನಿಲ್ಲಿಸಲಿಲ್ಲ. ಎದುರು ಮನೆಯ ಕಾಕು ಬಹಳ ಅಂತಃಕರಣದವರು, ಜ್ವರ ಬಂದರೆ ಮೊದಲು ಗಂಜಿ ತರುವವರು ಅವರೇ, ಆದರೆ ಊರಿಗೆಲ್ಲ ತಿಳಿಯಬಾರದ ಮಾತನ್ನು ಅವರ ಮುಂದೆ ಆಡಬೇಡ ಎಂದು ಬರೆದೆ. ಬರೆದು, ಅಕ್ಷರ ಚೆನ್ನಾಗಿ ಬಂದಿವೆ ಎಂದು ಸಂತೋಷವನ್ನೂ ಪಟ್ಟೆ.

ನಮ್ಮ ಮನೆಯವರದು ತಹಶೀಲ್ದಾರ್ ಕಚೇರಿಯ ಹತ್ತಿರ ಒಂದು ಝೆರಾಕ್ಸ್ ಅಂಗಡಿ. ಹಾಳೆಗಳನ್ನು ಅವರ ಕೈಯಲ್ಲಿ ಕೊಟ್ಟು, ನನಗೊಂದು ಪ್ರತಿ ಇರಲಿ, ಒಂದೇ ಒಂದು ತೆಗೆಯಿರಿ ಎಂದೆ. ಅವರು ಹನ್ನೆರಡು ತೆಗೆದರು. ಊರಿಗೆ ಹೊಸದಾಗಿ ಬಂದ ನೌಕರರು ದಿನಾ ಅಂಗಡಿಗೆ ಬಂದು ಊಟ ಎಲ್ಲಿ, ಮನೆ ಎಲ್ಲಿ ಎಂದು ಕೇಳುತ್ತಾರಂತೆ. ಹೇಳಿ ಹೇಳಿ ಬಾಯಿ ಸೋತಿತ್ತಂತೆ. ಪ್ರತಿಗಳನ್ನು ಮೇಜಿನ ಮೇಲೆ ಇಟ್ಟು ಮೇಲೊಂದು ಕಲ್ಲು ಹೇರಿದರು. ಒಳಗೆ ಏನಿದೆ ಎಂದು ಓದಿದ್ದಿರಾ ಎಂದು ಆಮೇಲೆ ಕೇಳಿದೆ. ನಿನ್ನ ಅಕ್ಷರ ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಓದುವುದು ಏನಿದೆ ಎಂದರು. ಆ ಮನುಷ್ಯನ ಜೊತೆ ಜಗಳವಾಡುವುದಕ್ಕೂ ಒಂದು ದಾರಿ ಬೇಕಲ್ಲ.

ಯಾರೋ ಮೊಬೈಲಿನಲ್ಲಿ ಮೂರೂ ಹಾಳೆಗಳ ಫೋಟೋ ತೆಗೆದರು. ದೀಪ ಹಚ್ಚುವ ಹೊತ್ತಿಗೆ ಅದು ನಮ್ಮ ಓಣಿಯ ವಾಟ್ಸಾಪ್ ಗುಂಪಿಗೆ ಬಂದಿತ್ತು.

ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಕಾಕು ದಾಟಿ ಬಂದರು. ವಯಸ್ಸು ಎಪ್ಪತ್ತು ದಾಟಿದೆ. ಇಪ್ಪತ್ತಾರು ವರ್ಷದಿಂದ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರು. ಸೊಸೆಯ ಮೊಬೈಲನ್ನು ನನ್ನ ಮುಂದೆ ಹಿಡಿದರು.

"ನನ್ನ ಕಣ್ಣು ಮಂಜ ಆಗ್ಯಾವು. ನೀ ಸಾಲಿ ಕಲಿಸಿದಾಕಿ. ನನ್ನ ಬಗ್ಗೆ ಬರದದ್ದಷ್ಟು ಓದು."

ಕೊಡವನ್ನು ಕೆಳಗಿಟ್ಟು ಓದಿದೆ. ಗಂಜಿಯ ತನಕ ಧ್ವನಿ ಸರಿಯಾಗಿತ್ತು. ಮುಂದಿನದನ್ನು ನುಂಗಿ ನುಂಗಿ ಓದಿದೆ. ಕಾಕು ಸಿಟ್ಟಾಗಲಿಲ್ಲ.

"ಖರೇನ ಬರದೀಯವಾ" ಎಂದರು. "ಆದ್ರ ನೀ ಇದನ್ನ ನನಗ ಹೇಳಬೇಕಿತ್ತು. ಆಕಿಗ್ಯಾಕ ಹೇಳಿದಿ?"

ಮೊಬೈಲು ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ನನ್ನೊಡನೆ ಮಾತಿಲ್ಲ. ಕಾಕು ಮಾತು ಬಿಟ್ಟರೆ ಏನಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಳದ ನೀರು ಯಾವಾಗ ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೆ, ಯಾರ ಮನೆಯಲ್ಲಿ ತೊಟ್ಟಿಲು, ಯಾರು ತೀರಿಕೊಂಡರು, ಇದೆಲ್ಲ ನನಗೆ ಇಷ್ಟು ವರ್ಷ ಗೊತ್ತಾಗುತ್ತಿದ್ದದ್ದು ಅವರ ಬಾಯಿಯಿಂದಲೇ. ಒಂದು ವಾರದಲ್ಲಿ ಎರಡು ಸಲ ನೀರು ತಪ್ಪಿಸಿಕೊಂಡೆ. ಹಿಂದಿನ ಓಣಿಯ ಒಂದು ಸಾವಿಗೆ ಮೂರು ದಿನ ತಡವಾಗಿ ಹೋಗಿ ಎಲ್ಲರಿಂದ ಅನಿಸಿಕೊಂಡೆ.

ಅಷ್ಟಾದರೆ ತಡೆದುಕೊಳ್ಳಬಹುದಿತ್ತು. ಹೆಸರಿದ್ದವರು ಒಂದು ಥರ ಮುನಿದರೆ, ಹೆಸರಿಲ್ಲದವರು ಅದಕ್ಕಿಂತ ಹೆಚ್ಚು ಮುನಿದರು. ಹಿಟ್ಟಿನ ಗಿರಣಿಯವನನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಒಬ್ಬಳೇ ಇರುವ ಹುಡುಗಿ ಜೋಳ ಬೀಸಿಸುವುದೆಲ್ಲಿ ಬಂತು ಎಂದುಕೊಂಡಿದ್ದೆ. ನನ್ನ ಜೋಳದ ಡಬ್ಬಿಯನ್ನು ಆತ ಸಾಲಿನ ಕೊನೆಗೆ ಸರಿಸಿದ. ನನ್ನ ನಂತರ ಬಂದವರದ್ದೆಲ್ಲ ಬೀಸಿ ಕೊಟ್ಟ. ಯಾಕಪ್ಪಾ ಎಂದು ಕೇಳಿದೆ. ನಮ್ಮ ಗಿರಣಿ ಊರಾಗ ಐತೋ ಇಲ್ಲೋ ಅನ್ನೂದ ನಿಮಗ ಗೊತ್ತಿಲ್ಲಲ್ರಿ ಅಕ್ಕೋರ ಎಂದು ಬಹಳ ವಿನಯದಿಂದ ಹೇಳಿದ.

ಇದನ್ನು ಸರಿಪಡಿಸಲು ನಮ್ಮ ಮನೆಯವರು ಒಂದು ಉಪಾಯ ಹೇಳಿದರು. ಎಲ್ಲರನ್ನೂ ಕೇಳಿ ಹೊಸದೊಂದು ಪಟ್ಟಿ ಬರೆಯುವುದು. ನನಗೆ ಬುದ್ಧಿ ಇದ್ದಿದ್ದರೆ ಆಗಲೇ ಬೇಡವೆನ್ನುತ್ತಿದ್ದೆ. ರವಿವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಓಣಿಯ ಹದಿನೈದು ಜನ ಕೂತರು. ನಾನು ಎಲ್ಲರಿಗೂ ಚುರಮರಿ ಒಗ್ಗರಣೆ ಮಾಡಿಕೊಟ್ಟು ಬರೆಯಲು ಕುಳಿತೆ. ಪೂರಿ ಚಲೋ ಎಂದು ಬರೆದರೆ ಇಡ್ಲಿಯೂ ಚಲೋ ಎಂದು ಬರೆಯಿರಿ, ಆತ ನಮ್ಮ ಬೀಗರ ಪೈಕಿ ಎಂದರು ಒಬ್ಬರು. ಎಣ್ಣೆ ಕಪ್ಪು ಎಂಬುದನ್ನು ತೆಗೆಯಿರಿ ಎಂದರು ಇನ್ನೊಬ್ಬರು. ಸಂಜೆಯಾಗುವ ಹೊತ್ತಿಗೆ ಊರಿನ ಎಲ್ಲ ಹೋಟೆಲುಗಳೂ ಚಲೋ, ಎಲ್ಲ ಅಂಗಡಿಗಳೂ ಚಲೋ, ಎಲ್ಲ ಜನರೂ ದೇವರಂಥವರು ಎಂದಾಗಿತ್ತು. ಇದನ್ನು ಓದಿದವನಿಗೆ ಒಂದು ಲೋಟ ನೀರೂ ಎಲ್ಲಿ ಸಿಗುತ್ತದೆಂದು ತಿಳಿಯುವಂತಿರಲಿಲ್ಲ. ಅವರೆಲ್ಲ ಹೋದ ಮೇಲೆ ಹಾಳೆಯನ್ನು ಒಲೆಗೆ ಹಾಕಿದೆ.

ಇಷ್ಟೆಲ್ಲ ಯಾರಿಗಾಗಿಯೋ ಆ ಡಾಕ್ಟರ್ ಹುಡುಗಿ ನನ್ನ ಪಟ್ಟಿಯನ್ನು ನೋಡಿಕೊಂಡು ನಡೆಯುತ್ತಲೇ ಇರಲಿಲ್ಲ. ಬೆಳಿಗ್ಗೆ ತಿರ್ಲಾಪುರದಲ್ಲಿ ಒಬ್ಬರ ಎತ್ತಿಗೆ ಔಷಧಿ ಹಾಕಿ ಅಲ್ಲೇ ರೊಟ್ಟಿ ತಿನ್ನುವಳು, ಮಧ್ಯಾಹ್ನ ಇನ್ನೊಂದು ಹಳ್ಳಿಯಲ್ಲಿ ಕುರಿ ನೋಡಿ ಅಲ್ಲೇ ಮಜ್ಜಿಗೆ ಕುಡಿಯುವಳು. ಒಂದು ದಿನ ಮೆಟ್ಟಿಲು ಹತ್ತುವಾಗ ನಿಂತು, ಪೇಟೆಯ ಖಾನಾವಳಿಗೆ ಹೋಗಿದ್ದೆ ಎಂದಳು. ಖಾನಾವಳಿಯಾಕೆ ಇಷ್ಟು ದಿನ ಒಂದು ಮಾತನ್ನೂ ಹೇಳಿ ಕಳಿಸಿರಲಿಲ್ಲ. ಮೊಬೈಲು ನೋಡುವವಳಲ್ಲ, ಆಕೆಗೆ ಗೊತ್ತಾಗಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ.

"ಮಜ್ಜಿಗೆ ನೀರು ಅಂತ ಬರೆದಿದ್ರಲ್ಲ ಆಂಟಿ, ಅವರದೇ ಎಮ್ಮೆ ಅಂತ ಯಾರೋ ಅಂದ್ರು, ಅದಕ್ಕೇನಾಗಿದೆ ನೋಡೋಣ ಅಂತ ಹೋದೆ. ಕೆಚ್ಚಲು ಬಾವು. ಕಲ್ಲಾಗಿಬಿಟ್ಟಿದೆ. ತಿಂಗಳಿಂದ ಅರಿಶಿನ ಹಚ್ಕೊಂಡು ಕೂತಿದ್ದಾರೆ ಪಾಪ."

ಎಮ್ಮೆಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಆ ಖಾನಾವಳಿಯಲ್ಲಿ ನಾನು ಹದಿನೈದು ವರ್ಷದಿಂದ ಉಣ್ಣುತ್ತಿದ್ದೇನೆ. ಶಾಲೆಯ ತಪಾಸಣೆಗೆ ಯಾರಾದರೂ ಬಂದರೆ ಅಲ್ಲಿಂದಲೇ ಊಟ ತರಿಸುತ್ತಿದ್ದೆವು. ಆಕೆ ಒಂದೇ ಎಮ್ಮೆ ಕಟ್ಟಿಕೊಂಡು, ಗಂಡನಿಲ್ಲದೆ, ಒಬ್ಬ ತಂಗಿಯನ್ನು ಜೊತೆಗಿಟ್ಟುಕೊಂಡು ಒಲೆಯ ಮುಂದೆ ಕುಳಿತವಳು. ಮರುದಿನ ಊಟದ ಗದ್ದಲ ಮುಗಿದ ಮೇಲೆ ಹೋದೆ. ಆಕೆ ಬಾಗಿಲಲ್ಲಿ ಕುಳಿತು ಉಳ್ಳಾಗಡ್ಡಿ ಸುಲಿಯುತ್ತಿದ್ದಳು. ನಾನು ತಪ್ಪಾಯಿತು ಎಂದು ಶುರು ಮಾಡುವ ಮೊದಲೇ ಮಣೆ ಸರಿಸಿ ಕೂಡ್ರಿ ಎಂದಳು.

"ಮಜ್ಜಿಗಿ ನೀರ ಇತ್ತರಿ ಅಕ್ಕೋರ. ಸುಳ್ಳೇನ ಬರದಿಲ್ಲ ನೀವು" ಎಂದಳು. "ಎಮ್ಮಿ ಹಾಲ ಕೊಡಲಿಲ್ಲ. ಒಲಿ ಬಿಟ್ಟು ದವಾಖಾನಿಗೆ ಹೊಡಕೊಂಡು ಹೋಗಾಕ ನನಗ ಆಗಲಿಲ್ಲ. ಪಾಕೀಟ ಹಾಲಿಗೆ ಹೆಪ್ಪ ಹಾಕಿ ನೀರ ಬೆರಸಿದೆ. ದಿನಾ ಐವತ್ತು ಮಂದಿ ಉಂಡು ಹೋಗ್ತಾರ. ಒಬ್ರರೆ ಯಾಕಬೇ ಅಂತ ಕೇಳಲಿಲ್ಲ. ನೀವೂ ಕೇಳಲಿಲ್ಲ."

ನಾನೂ ಒಂದು ಉಳ್ಳಾಗಡ್ಡಿ ತೆಗೆದುಕೊಂಡು ಸುಲಿಯಲು ಕುಳಿತೆ. ಸ್ವಲ್ಪ ಹೊತ್ತಿಗೆ ಆಕೆಯೇ ಡಾಕ್ಟರ್ ಹುಡುಗಿಯ ಮಾತು ತೆಗೆದಳು. ಕೂಸು ಬಂದ ಕೂಡಲೇ ಕೆಸರಿನಲ್ಲಿ ಕುಳಿತು ಎಮ್ಮೆಯ ಕೆಚ್ಚಲು ಹಿಡಿದುಬಿಟ್ಟಿತು ಎಂದು ಮೆಚ್ಚಿ ಹೇಳಿದಳು. ಎಂಟು ದಿನ ಸೂಜಿ ಮಾಡಿದ ಮೇಲೆ ಎಮ್ಮೆ ಸುಧಾರಿಸಿತು. ಒಂದು ಮೊಲೆ ಹೋಯಿತು, ಮೂರು ಉಳಿದವು.

ಅಲ್ಲಿಗೆ ಮುಗಿಯಿತೆಂದರೆ ಇಲ್ಲ. ಎಮ್ಮೆ ಹಾಲು ಕೊಡಲು ಶುರು ಮಾಡಿದ್ದೇ ತಡ, ದಿನಾ ಮಧ್ಯಾಹ್ನ ನಮ್ಮ ಮನೆಗೆ ಒಂದು ತಂಬಿಗೆ ಮಜ್ಜಿಗೆ ಬರತೊಡಗಿತು. ಮಜ್ಜಿಗೆ ಎನ್ನುವುದೇಕೆ, ಚಮಚ ನೆಟ್ಟರೆ ನಿಲ್ಲುವ ಮೊಸರು. ಬೇಡವೆಂದರೆ, ಡಾಕ್ಟರಿಗೆ ಅರ್ಧ, ಬರೆದವರಿಗೆ ಅರ್ಧ ಎಂದು ಹೇಳಿ ಕಳಿಸಿದಳು. ಅದು ಉಪಕಾರವೋ ಚುಚ್ಚುಮಾತೋ ಇನ್ನೂ ಗೊತ್ತಿಲ್ಲ. ನಮ್ಮ ಮನೆಯವರಿಗೆ ಮೊಸರು ತಿಂದರೆ ಕಫ. ಡಾಕ್ಟರ್ ಮನೆಯಲ್ಲಿರುವುದೇ ಇಲ್ಲ. ಎರಡೂ ಪಾಲು ನಾನೇ ತಿಂದು ಮೈ ಬಂದಿದೆ. ಮೊನ್ನೆ ಪೇಟೆಯಲ್ಲಿ ಒಬ್ಬರು, ಇವರು ಡಾಕ್ಟರ್ ಮೇಡಂ ಇರೋ ಮನೆಯವರು ಎಂದು ನನ್ನನ್ನು ಇನ್ನೊಬ್ಬರಿಗೆ ಪರಿಚಯಿಸಿದರು. ಆ ಇನ್ನೊಬ್ಬರಿಗೆ ಅಕ್ಷರ ತಿದ್ದಿಸಿದವಳು ನಾನು.

ಕಾಕು ಮಾತ್ರ ಎರಡು ತಿಂಗಳು ಮಾತಾಡಲಿಲ್ಲ. ಯುಗಾದಿಯ ನಂತರ ಒಂದು ಬೆಳಿಗ್ಗೆ ತಾವೇ ಬಂದರು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ಲಗ್ನಪತ್ರಿಕೆ ಬರೆದುಕೊಡಬೇಕು ಎಂದರು. ಛಾಪಖಾನೆಯವರು ಬರೆಯುತ್ತಾರಲ್ಲ ಕಾಕು ಎಂದೆ.

"ಅವರ್ಯಾಕ? ಬರಿಯೂ ಚಟಾ ಇದ್ದಾಕಿ ಎದುರಿಗೆ ಇದ್ದೀಯಲ್ಲಾ" ಎಂದರು. "ನಾ ಬಾಜುಕ ಕುಂದರ್ತೀನಿ. ಒಂದೊಂದ ಸಾಲು ಬರದ ಮ್ಯಾಲೆ ಓದಿ ಹೇಳು."

ಹತ್ತು ಗಂಟೆಗೆ ಕುಳಿತೆವು. ಯಾರ ಹೆಸರು ಮೊದಲು, ಯಾರದು ನಂತರ, ತೀರಿಕೊಂಡ ದೊಡ್ಡಪ್ಪನ ಹೆಸರಿಗೆ ಲಿಂಗೈಕ್ಯ ಎಂದು ಸೇರಿಸಿದೆಯಾ, ಅಣ್ಣಿಗೇರಿಯ ಬೀಗರನ್ನು ಬಿಟ್ಟೆಯಾ ಎಂದು ಒಂದೊಂದು ಹೆಸರಿಗೂ ಕಾಲು ತಾಸು. ಬಯಸುವವರ ಪಟ್ಟಿ ಒಂದು ಪುಟ ತುಂಬಿ ಎರಡನೆಯ ಪುಟಕ್ಕೆ ಹೋಯಿತು. ಇಷ್ಟು ಹೆಸರು ಒಂದು ಕಾರ್ಡಿನಲ್ಲಿ ಹಿಡಿಸುವುದಿಲ್ಲ ಎಂದರೆ ಅಕ್ಷರ ಸಣ್ಣ ಮಾಡು ಎಂದರು. ನನ್ನ ಬೆರಳು ಜೋಮು ಹಿಡಿದಿದ್ದವು, ಹೊಟ್ಟೆ ಹಸಿದಿತ್ತು, ಸಿಟ್ಟು ನೆತ್ತಿಗೇರಿತ್ತು. ಮೂರನೆಯ ಸಲ ಶುದ್ಧಪ್ರತಿ ಮಾಡುವಾಗ ಕಾಕು ಎದ್ದು ಒಳಗೆ ಹೋಗಿ, ನನ್ನ ಅಡುಗೆಮನೆಯ ಡಬ್ಬಿಗಳನ್ನು ತಾವೇ ತೆಗೆದು ಚಾ ಕುದಿಯಲು ಇಟ್ಟರು. ಅಲ್ಲಿಂದಲೇ, ನಾಳೆ ಬೆಳಿಗ್ಗೆ ಆರಕ್ಕೆ ನಳ ಬರುತ್ತದೆ, ಪಾತ್ರೆ ತೊಳೆದಿಟ್ಟುಕೋ ಎಂದು ಹೇಳಿದರು.